ನಾಲ್ಕು ಮುತ್ಯಾಗಳ ವಸ್ತಿ

ಮದುವೆಯಾಗಿ ಆ ವಸ್ತಿಗೆ ಹೋದ ದಿನ ನನ್ನ ಅತ್ತೆ ನನ್ನನ್ನು ಮೊದಲು ಮನೆಯೊಳಗೆ ಕರೆದುಕೊಳ್ಳಲಿಲ್ಲ. ಅಂಗಳದ ಆಚೆ ಬೇವಿನ ಮರದ ಕೆಳಗೆ ಸಾಲಾಗಿ ನಿಂತಿದ್ದ ನಾಲ್ಕು ಕಲ್ಲುಗಳ ಮುಂದೆ ನಿಲ್ಲಿಸಿ, "ಇವರು ನಮ್ಮ ಮುತ್ಯಾಗೋಳು. ಕಾಲ ಬೀಳು" ಎಂದರು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ನಾನು ಬಿದ್ದು ಎದ್ದ ಮೇಲೆ ನನ್ನ ಎರಡೂ ಅಂಗೈ ಬಿಡಿಸಿ ನೋಡಿದರು. ಕೈರೇಖೆ ನೋಡುತ್ತಿದ್ದಾರೇನೋ ಎಂದುಕೊಂಡೆ. ಕಲ್ಲಿಗೆ ಅಂಟಿಸಿದ್ದ ಬೆಳ್ಳಿಯ ಕಣ್ಣುಗಳನ್ನು ನಾನು ಕಿತ್ತುಕೊಂಡಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು ಎಂದು ನನ್ನ ನಾದಿನಿ ಆಮೇಲೆ ನಗುತ್ತ ಹೇಳಿದಳು.

ಅಂಥ ಮನೆ ಅದು. ಬೇರೆಯವರ ಮನೆಗೆ ಹೋದರೆ ಮಜ್ಜಿಗೆ ಕೊಟ್ಟು, ಕುಡಿದ ಮೇಲೆ ಯಾಕೆ ಬಂದಿರಿ ಎಂದು ಕೇಳುತ್ತಾರೆ. ನನ್ನ ಅತ್ತೆ ಯಾಕೆ ಬಂದಿರಿ ಎಂದು ಮೊದಲು ಕೇಳಿ, ಉತ್ತರ ಮನಸ್ಸಿಗೆ ಬಂದರೆ ಮಾತ್ರ ಮಜ್ಜಿಗೆ ತರುತ್ತಿದ್ದರು. ನಾನು ಮಿರಜದ ಹುಡುಗಿ. ಅಪ್ಪನಿಗೆ ಅಲ್ಲಿಯ ರೈಲು ಯಾರ್ಡಿನಲ್ಲಿ ಕೆಲಸ. ದಕ್ಷಿಣದ ಕಡೆಯಿಂದ ಗಾಡಿ ಬಂದರೆ ಸಾಕು, ರೋಗಿಗಳು ಇಳಿದು ದವಾಖಾನೆಯ ದಾರಿ ಕೇಳುತ್ತ ನಮ್ಮ ಬಾಗಿಲಿಗೇ ಬರುತ್ತಿದ್ದರು. ಕಂಡ ಕಂಡವರಿಗೆ ನೀರು ಕೊಟ್ಟು ಬೆಳೆದವಳಿಗೆ ಈ ಮನೆ ಉಸಿರು ಕಟ್ಟಿಸಿತು. ಬಾಯಿ ಬಿಡುವ ಹಾಗಿರಲಿಲ್ಲ. ಈಗ ನೋಡಿದರೆ ನಾನೇ ಹಾಗಾಗಿದ್ದೇನೆ. ಹಾಲಿನವನು ಒಂದು ಹನಿ ಹೆಚ್ಚು ಹಾಕಿದರೂ ಯಾಕೆ ಹಾಕಿದನೆಂದು ಅರ್ಧ ದಿನ ಯೋಚಿಸುತ್ತೇನೆ. ಸೊಸೆಯಂದಿರು ನಗುತ್ತಾರೆ, ನಗಲಿ.

ವಸ್ತಿ ಎಂದರೆ ಊರಲ್ಲ. ಹೊಲದ ನಡುವೆಯೇ ಮನೆ ಕಟ್ಟಿಕೊಂಡ ಒಂದೇ ಮನೆತನದ ನಾಲ್ಕು ಸಂಸಾರ, ಒಂದು ಬಾವಿ, ಕುರಿಗಳ ದೊಡ್ಡಿ. ಸಂತೆ, ಹಿಟ್ಟಿನ ಗಿರಣಿ, ಮದುವೆಯ ಊಟ ಎಲ್ಲಕ್ಕೂ ಬೇಡಗಕ್ಕೆ ಹೋಗಬೇಕು. ಪೂರ್ವಕ್ಕೆ ಒಂದು ಹಳ್ಳ. ಹಳ್ಳದಾಚೆ ಅಥಣಿ ತಾಲೂಕಿನ ಊರುಗಳು ಶುರುವಾಗುತ್ತಿದ್ದವು. ಆ ಕಲ್ಲುಗಳು ಆ ಜಾಗಕ್ಕೆ ಯಾವಾಗ ಬಂದವೋ ಯಾರಿಗೂ ಗೊತ್ತಿಲ್ಲ. ಸೊಂಟದೆತ್ತರದ ಒಂದೊಂದು ಕಲ್ಲಿನಲ್ಲಿ ಕೆಳಗೆ ಒಬ್ಬ ಗಂಡಸು ಬಿಲ್ಲು ಹಿಡಿದು ಕಾದುತ್ತಿದ್ದಾನೆ, ನಡುವೆ ಅವನನ್ನು ಇಬ್ಬರು ಹೆಂಗಸರು ಎತ್ತಿಕೊಂಡು ಹೋಗುತ್ತಿದ್ದಾರೆ, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ತುದಿಗೆ ಸೂರ್ಯ ಚಂದ್ರ. ಓದಿದವರು ವೀರಗಲ್ಲು ಅನ್ನುತ್ತಾರೆ. ವಸ್ತಿಯವರ ಪಾಲಿಗೆ ಅವರು ಯಾವುದೋ ಕಾಲದಲ್ಲಿ ಕುರಿ ಕಾಯುತ್ತ ಕಳ್ಳರ ಕೈಯಲ್ಲಿ ಸತ್ತ ಮನೆಯ ಹಿರಿಯರು, ಅಷ್ಟೇ. ಎಡದಿಂದ ಎರಡನೆಯವನ ಮೇಲೆ ಮಾತ್ರ ಎರಡು ಸಾಲು ಅಕ್ಷರ ಇದ್ದವು. ಅವನೇ ಎಲ್ಲರಿಗಿಂತ ಹಿರಿಯ ಎಂದು ಲೆಕ್ಕ. ಅತ್ತೆ ಬೆಳಿಗ್ಗೆ ಮಿಂದು ಅವನ ತಲೆಯ ಮೇಲೆ ಒಂದು ತಂಬಿಗೆ ನೀರು ಸುರಿಯದೆ ಬಾಯಿಗೆ ತುತ್ತು ಇಡುತ್ತಿರಲಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಗೋಡೆ ಹಿಡಿದುಕೊಂಡು ಹೋಗಿ ಸುರಿದದ್ದನ್ನು ನಾನು ನೋಡಿದ್ದೇನೆ.

ಅವರ ಅನುಮಾನಕ್ಕೆ ಕಾರಣ ಇರಲಿಲ್ಲ ಎನ್ನಲಾರೆ. ನಾನು ಬರುವ ಮೊದಲು, ಸಂಸ್ಥಾನಗಳೆಲ್ಲ ವಿಲೀನವಾದ ಹೊತ್ತಿನಲ್ಲಿ, ಒಬ್ಬ ಗುತ್ತಿಗೆದಾರ ಬಂಡಿಗಳನ್ನು ತಂದು ಹಳ್ಳದ ದಂಡೆಯಲ್ಲಿದ್ದ ಹಾಳು ಮಹಾದೇವರ ಗುಡಿಯ ಕಂಬಗಳನ್ನು ಒಯ್ದನಂತೆ. ಸರಕಾರದ ಹುಕುಂ ಎಂದನಂತೆ. ಯಾವ ಸರಕಾರ ಎಂದು ಕೇಳುವ ಹಾಗಿರಲಿಲ್ಲ, ಹಳೆಯದು ಹೋಗಿತ್ತು, ಹೊಸದು ಯಾವುದೆಂದು ನಮ್ಮವರಿಗೆ ತಿಳಿದಿರಲಿಲ್ಲ. ಆ ಕಂಬಗಳು ರಸ್ತೆಯ ಸಣ್ಣ ಸೇತುವೆಗೆ ಹಾಸುಗಲ್ಲಾದವು. ಸಾಂಗ್ಲಿಗೆ ಹೋಗುವಾಗ ಬಸ್ಸು ಆ ಸೇತುವೆಗೆ ಬಂತೆಂದರೆ ಅತ್ತೆ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಕಂಡಕ್ಟರ್ ಮರಾಠಿಯಲ್ಲಿ ಕಾಲು ಕೆಳಗಿಡಿ ಎಂದು ಬೈದರೂ ಸೇತುವೆ ದಾಟುವ ತನಕ ಇಳಿಸುತ್ತಿರಲಿಲ್ಲ.

ನಾದಿನಿಯ ಮದುವೆಯ ಮಾತುಕತೆ ನಡೆದದ್ದು ನಾನು ಬಂದ ವರ್ಷವೇ. ಹುಡುಗ ಹಳ್ಳದಾಚೆಯ ಊರಿನವನು. ಬೆಳಿಗ್ಗೆ ನಡೆದು ಹೋದರೆ ಉಂಡು ಸಂಜೆಗೆ ತಿರುಗಿ ಬರಬಹುದಾದಷ್ಟು ದೂರ. ನಮ್ಮ ಹಾಗೆಯೇ ಕುರಿ, ಜೋಳದ ಹೊಲ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ನಮ್ಮ ವಸ್ತಿಯ ಪದ್ಧತಿ ಎಂದರೆ ಹೆಣ್ಣು ಕೊಡುವ ಮಾತು ಹಿರಿಯ ಮುತ್ಯಾನ ಮುಂದೆಯೇ ಆಗಬೇಕು. ಎರಡೂ ಕಡೆಯ ಹಿರಿಯರು ಅವನ ಬುಡದಲ್ಲಿಟ್ಟ ಭಂಡಾರ, ಅಂದರೆ ಅರಿಸಿನದ ಪುಡಿ, ಮುಟ್ಟಿ ಹೆಸರು ಹೇಳುತ್ತಾರೆ. ಮದುವೆಯ ದಿನ ಕೈಗೆ ಕಟ್ಟುವ ಉಣ್ಣೆಯ ಕಂಕಣವನ್ನು ಅವನ ಕೊರಳಿಗೆ ಸುತ್ತಿಟ್ಟು, ಅಲ್ಲಿಂದಲೇ ಬಿಚ್ಚಿ ಕಟ್ಟುತ್ತಾರೆ. ಸಾಕ್ಷಿ ಅವನು. ಆ ದಿನ ಹುಡುಗ ಹಿಂದೆ ನಿಂತು ತಲೆಗೆ ರುಮಾಲು ಸುತ್ತಿಕೊಂಡು ಸುಮ್ಮನೆ ನೋಡುತ್ತಿದ್ದ. ನಾದಿನಿ ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದಳು. "ವೈನಿ, ಅಂವ ನಗತಾನೋ ಇಲ್ಲೋ" ಎಂದು ನನ್ನನ್ನು ಕೇಳಿದಳು. ಅವಳಿಗೆ ಅವನು ಮೆಚ್ಚಾಗಿದ್ದ, ಅದು ಅವಳ ಕಿವಿಯ ಕೆಂಪಿನಲ್ಲೇ ಕಾಣುತ್ತಿತ್ತು.

ಆ ಮಾತಾದ ಮೇಲೆ ಸುದ್ದಿ ಬರತೊಡಗಿತು. ರಾಜ್ಯ ಹಂಚುತ್ತಾರಂತೆ, ಹಳ್ಳದಾಚೆಯವರು ಮೈಸೂರಿಗಂತೆ, ನಾವು ಮುಂಬೈಯಲ್ಲೇ ಉಳಿಯುತ್ತೇವಂತೆ. ಹಾಗಲ್ಲ, ಕನ್ನಡ ಮಾತಾಡುವ ವಸ್ತಿಗಳನ್ನೆಲ್ಲ ಆಚೆಗೆ ಕೊಡುತ್ತಾರಂತೆ. ಬೆಲ್ಲ ಮಾರಲು ಸಾಂಗ್ಲಿಯ ಪೇಟೆಗೆ ಹೋಗಿ ಬಂದವರು ಒಂದು ಹೇಳಿದರೆ, ಬೇಡಗದಿಂದ ಬಂದವರು ಇನ್ನೊಂದು. ನನ್ನ ಗಂಡನ ಕಾಕಾ ವಸ್ತಿಯ ಹಿರಿಯರು, ನಾಲ್ಕು ಮನೆಗೂ ಅವರದೇ ಕೊನೆಯ ಮಾತು. ಅವರು ಎಲ್ಲ ಕೇಳಿ, "ಮೊದಲ ಹೆಣ್ಣು ಒಂದ ಹಳ್ಳ ದಾಟಿ ಹೊಕ್ಕಿತ್ತು. ಇನ್ನ ರಾಜ್ಯ ದಾಟಿ ಹೋಗಬೇಕೇನು" ಎಂದರು. ನಾದಿನಿ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು. ಭಂಡಾರ ಮುಟ್ಟಿ ಆಗಿದೆ, ಯಾರೂ ಹಿಂದೆ ಸರಿಯುವ ಹಾಗಿಲ್ಲ ಎಂದು ನಾನೇ ಅವಳಿಗೆ ಸಮಾಧಾನ ಹೇಳಿದೆ.

ಆಗ ಬಂದವನು ಆ ಕಾಗದದ ಮನುಷ್ಯ. ಬಿಳಿ ಟೋಪಿ, ಸೈಕಲ್ಲು, ಹಿಂದೆ ಒಂದು ಟ್ರಂಕು. ಹಳೆಯ ಕಲ್ಲುಗಳ ಬರಹವನ್ನು ಅಚ್ಚು ತೆಗೆದುಕೊಳ್ಳುತ್ತೇನೆ ಎಂದು ಪುಸ್ತಕದ ಕನ್ನಡದಲ್ಲಿ ಹೇಳಿದ. ನಮ್ಮ ವಸ್ತಿಯಲ್ಲಿ ಯಾರೂ ಅಷ್ಟು ಸ್ವಚ್ಛವಾದ ಕನ್ನಡ ಕೇಳಿರಲಿಲ್ಲ, ಆದ್ದರಿಂದ ಅನುಮಾನ ಬಂತು. ಕಾಕಾ ಪರೀಕ್ಷೆಗೆಂದು ಮರಾಠಿಯಲ್ಲಿ ಮಾತು ತೆಗೆದರು. ಅವನು ಅಷ್ಟೇ ಸ್ವಚ್ಛವಾದ ಮರಾಠಿಯಲ್ಲಿ ಉತ್ತರ ಕೊಟ್ಟ. ಅನುಮಾನ ಎರಡರಷ್ಟಾಯಿತು. ಆದರೂ ಬೇಡ ಎನ್ನಲು ಧೈರ್ಯ ಬರಲಿಲ್ಲ, ಯಾವ ಸರಕಾರದವನೋ ಏನೋ. ಅವನು ಹಿರಿಯ ಮುತ್ಯಾನ ಮೇಲಿದ್ದ ಎಣ್ಣೆ, ಭಂಡಾರ ಎಲ್ಲ ತಿಕ್ಕಿ ತೊಳೆದ. ಒದ್ದೆ ಕಾಗದ ಹಚ್ಚಿ ಬ್ರಷ್ಷಿನಿಂದ ಬಡಿದ, ಮೇಲೆ ಕರಿ ಮಸಿ ತಟ್ಟಿದ. ಕಾಗದ ಬಿಚ್ಚಿದಾಗ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಎದ್ದಿದ್ದವು. ಏನು ಬರೆದಿದೆ ಎಂದು ನನ್ನ ಗಂಡ ಕೇಳಿದರು. ಹಳೆಯ ಕನ್ನಡ, ಬಹಳ ಸವೆದಿದೆ, ಮನೆಗೆ ಹೋಗಿ ನೋಡಬೇಕು ಎಂದ. ಹೋಗುವಾಗ ಟ್ರಂಕು ಕಟ್ಟುತ್ತ, "ಇಂಥ ಕಲ್ಲು ಬಯಲಿನಲ್ಲಿ ಇರಬಾರದು. ಸಾಂಗ್ಲಿಗೆ ಒಯ್ದು ಇಟ್ಟರೆ ಕ್ಷೇಮ" ಎಂದು ತನ್ನಷ್ಟಕ್ಕೇ ಅನ್ನುವವನಂತೆ ಅಂದ. ಅತ್ತೆ ಕುರಿಮರಿಗೆ ಸೊಪ್ಪು ಹಾಕುತ್ತಿದ್ದರು. ಕೇಳಿಸಿಕೊಂಡಿಲ್ಲ ಎಂದುಕೊಂಡೆ.

ಕೆಲವು ದಿನಗಳಾದ ಮೇಲೆ ಬೇಡಗದಲ್ಲಿ ನೆಂಟರ ಮದುವೆ. ನಾಲ್ಕೂ ಮನೆಯವರು ಬೆಳಿಗ್ಗೆಯೇ ಹೊರಟೆವು. ಅತ್ತೆ ಮಾತ್ರ ಉಳಿದರು. ಅವರ ತಮ್ಮ ಆ ಸಲ ತನ್ನ ಕುರಿ ಹಿಂಡನ್ನು ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕೂಡಿಸಿದ್ದರು, ಆ ದಿನ ದಕ್ಷಿಣಕ್ಕೆ ಹೊರಡುವವರಿದ್ದರು. ತಮ್ಮನಿಗೆ ಬುತ್ತಿ ಕಟ್ಟಬೇಕು ಎಂದರು ಅತ್ತೆ. ನಾವು ಹೊತ್ತು ಇಳಿಯುವಾಗ ತಿರುಗಿ ಬಂದರೆ ಹಿಂಡು ಹೋಗಿತ್ತು. ಅಂಗಳದ ತುಂಬ ಕುರಿಗಳ ಹೆಜ್ಜೆ. ಬೇವಿನ ಕೆಳಗೆ ಮೂರೇ ಮುತ್ಯಾಗಳು. ಎರಡನೆಯವನ ಜಾಗದಲ್ಲಿ ಕುಣಿ.

ಅತ್ತೆ ಕುಣಿಯ ಹತ್ತಿರ ಕೂತು ಎದೆ ಬಡಿದುಕೊಳ್ಳುತ್ತಿದ್ದರು. ತಮ್ಮನ ಹಿಂಡನ್ನು ರಸ್ತೆಯವರೆಗೆ ಕಳಿಸಿ ಬರುವಷ್ಟರಲ್ಲಿ ಯಾರೋ ಒಯ್ದಿದ್ದಾರೆ ಎಂದರು. ಅವರ ತಲೆಗೂದಲು ಬಿಚ್ಚಿತ್ತು, ಕೈಯೆಲ್ಲ ಮಣ್ಣು. ನಾನು ನೀರು ತಂದು ಕೊಟ್ಟೆ. ನಾದಿನಿ ತಾಯಿಯ ಕೈ ತೊಳೆದಳು.

ಮೊದಲ ಅನುಮಾನ ಕಾಗದದವನ ಮೇಲೆ. ಕಾಕಾ ಸಾಂಗ್ಲಿಗೆ ಹೋಗಿ ಎರಡು ದಿನ ಅಲೆದು ಬಂದರು. ಅವನು ನಮ್ಮಲ್ಲಿಗೆ ಬಂದು ಹೋದ ಮರುದಿನದಿಂದಲೇ ಕಾಲು ಮುರಿದುಕೊಂಡು ಮಲಗಿದ್ದಾನೆ ಎಂದು ತಿಳಿಯಿತು. ಆಮೇಲೆ ನನ್ನ ಮೇಲೆ ಬಂತು. ಹೊಸ ಸೊಸೆಯ ಕಾಲ್ಗುಣ ಎಂದು ಪಕ್ಕದ ಮನೆಯವಳು ಅಂದಳು. ಕಾಕಾ ಇನ್ನೂ ಮುಂದೆ ಹೋದರು. "ಇಕಿ ಅಪ್ಪ ರೈಲ್ವೇದಾಗ ಅದಾನ. ಮಾಲಗಾಡ್ಯಾಗ ಹಾಕಿದ್ರ ಎಲ್ಲಿಗೆ ಬೇಕಾದಲ್ಲಿಗೆ ಹೊಕ್ಕೈತಿ" ಎಂದು ನನ್ನ ಗಂಡನಿಗೆ ಹೇಳಿದರು. ಗಂಡ ಅಲ್ಲ ಎನ್ನಲಿಲ್ಲ, ರಾತ್ರಿ ಊಟದಲ್ಲಿ ನಿನ್ನ ಅಪ್ಪ ಈಚೆಗೆ ಯಾವಾಗ ಬಂದಿದ್ದ ಎಂದು ಕೇಳಿದರು. ಬಡಿಸುತ್ತಿದ್ದ ರೊಟ್ಟಿಯನ್ನು ಅಲ್ಲೇ ಇಟ್ಟು ಎದ್ದು ಹೋದೆ. ಆ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ.

ಆದರೆ ನನ್ನನ್ನು ಬಿಡಿಸಿದ್ದು ಹಳ್ಳದಾಚೆಯ ಸುದ್ದಿ. ಆ ಹೊತ್ತಿಗೆ ಗೆರೆ ಎಲ್ಲಿ ಬೀಳುತ್ತದೆಂದು ಗೊತ್ತಾಗಿತ್ತು. ಅವರು ಮೈಸೂರಿಗೆ, ನಾವು ಇಲ್ಲೇ. ಹುಡುಗನ ತಂದೆ ಹೇಳಿ ಕಳಿಸಿದರು, ಸಾಕ್ಷಿಯೇ ಇಲ್ಲದ ಮೇಲೆ ಮಾತು ಎಲ್ಲಿಯದು, ಕಂಕಣ ಎಲ್ಲಿಂದ ಬಿಚ್ಚಿ ಕಟ್ಟುವುದು, ಹೆಣ್ಣು ಕೊಡಲು ಮನಸ್ಸಿಲ್ಲದವರು ಕಲ್ಲು ಬಚ್ಚಿಟ್ಟಿದ್ದಾರೆ ಎಂದು. ಕಾಕಾ ಅದನ್ನು ಉಲ್ಟಾ ತಿಳಿದರು. "ತಮಗ ಬ್ಯಾಡಾಗೈತಿ. ಹೆಣ್ಣ ಬ್ಯಾಡ ಅಂದ್ರ ಭಂಡಾರದ ಪಾಪ. ಅದಕ್ಕ ಸಾಕ್ಷೀನ್ನಽ ಹೊತಗೊಂಡ ಹೋಗ್ಯಾರ." ಇದು ಎಲ್ಲರಿಗೂ ಸರಿ ಅನ್ನಿಸಿತು. ನನಗೂ ಅನ್ನಿಸಿತು, ಬೇರೆಯವರ ಮೇಲೆ ಬಿತ್ತಲ್ಲ ಎಂಬ ನೆಮ್ಮದಿಯೂ ಅದರಲ್ಲಿತ್ತು. ಬೇರೆ ಗಂಡು ನೋಡೋಣ ಎಂಬ ಮಾತು ಶುರುವಾಯಿತು. ಸಾಂಗ್ಲಿಯಲ್ಲಿ ಅರಿಸಿನದ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ದುಡಿಯುವ ಒಬ್ಬ ವಿಧುರ ಇದ್ದನಂತೆ. ನಾದಿನಿ ಅತ್ತಳೆಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಊಟ ಕಡಿಮೆ ಮಾಡಿದಳು, ಕೆಲಸ ಹೆಚ್ಚು ಮಾಡಿದಳು, ಸಂಜೆ ಹಳ್ಳದ ಕಡೆ ಮುಖ ಮಾಡಿ ಕೂರುತ್ತಿದ್ದಳು. ಹಳ್ಳದಾಚೆಯ ಹುಡುಗ ಬಾರದಿದ್ದರೆ ಆ ವಿಧುರನೇ ಗತಿ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವನು ಬಂದ. ಒಂದು ಬೆಳಿಗ್ಗೆ ನಾವು ಸೆಗಣಿ ಸಾರಿಸುತ್ತಿದ್ದಾಗ ಹಳ್ಳ ಹತ್ತಿ ಎತ್ತಿನ ಬಂಡಿ ಬರುವುದು ಕಂಡಿತು. ಮುಂದೆ ಅವನು, ಹಿಂದೆ ನಡೆದು ಬರುತ್ತಿದ್ದ ಇಬ್ಬರು ಗೆಳೆಯರು. ಬಂಡಿಯಲ್ಲಿ ಜೋಳದ ದಂಟಿನ ಮೇಲೆ, ಕಂಬಳಿ ಹೊದಿಸಿ ಮಲಗಿಸಿದ ಏನೋ ಉದ್ದನೆಯದು. ಯಾರೋ ಸತ್ತಿದ್ದಾರೆ ಎಂದು ನಾನು ಹೆದರಿದೆ. ಅವನು ಇಳಿದು ಕಂಬಳಿ ಸರಿಸಿದ. ಕಲ್ಲು. ಅದರಲ್ಲೂ ಸೂರ್ಯ ಚಂದ್ರ, ಬಿಲ್ಲಿನ ಬದಲು ಕತ್ತಿ ಹಿಡಿದವನು.

"ನಿಮ್ಮ ಮುತ್ಯಾ ಹೋಗ್ಯಾನಂತ ಕೇಳಿದೆ" ಎಂದ ಕಾಕಾನಿಗೆ. "ಇಂವ ನಮ್ಮ ಹೊಲದಾಗಿನ ಮುತ್ಯಾ. ಅಪ್ಪಗ ಹೇಳದ ತಂದೇನಿ. ನಿಮ್ಮಲ್ಲೆ ನಿಂದ್ರಸ್ರಿ. ಇವನ ಮುಂದ ಇನ್ನೊಮ್ಮೆ ಭಂಡಾರ ಮುಟ್ಟೂಣು."

ಕಾಕಾ ಬಂಡಿಯನ್ನು ಒಂದು ಸುತ್ತು ಸುತ್ತಿದರು. ಕಲ್ಲಿನ ಬುಡ ನೋಡಿದರು, ಹಸಿ ಮಣ್ಣು ಮುಟ್ಟಿ ಮೂಸಿದರು. ಅಷ್ಟರಲ್ಲಿ ನಾಲ್ಕೂ ಮನೆಯ ಜನ ಸೇರಿತ್ತು.

"ನೀ ಒಯ್ದಿಲ್ಲ ಅಂದ್ರ ನಿನಗ್ಯಾಕ ಈ ಉಸಾಬರಿ" ಎಂದರು. "ಕಳುವು ಮಾಡದಾಂವ ತನ್ನ ಮುತ್ಯಾನ್ನ ಕಿತ್ತ ತಂದು ಮಂದಿಗೆ ಕೊಡ್ತಾನೇನು? ನಮ್ಮಾಂವನ್ನ ಎಲ್ಲೆ ಹಾಕೀದಿ, ಅದನ್ನ ಹೇಳು ಮೊದಲ."

ಅವನ ಮುಖ ನೋಡಬೇಕಿತ್ತು. ಅವನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡದನ್ನು ಅವನು ತರಲು ಸಾಧ್ಯವಿರಲಿಲ್ಲ. ನಮ್ಮವರ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ನನ್ನ ಗಂಡ ಎತ್ತಿನ ಹಗ್ಗ ಹಿಡಿದುಕೊಂಡರು, ಬಂಡಿ ತಿರುಗಬಾರದೆಂದು. ಅವನು, "ನಾ ಯಾಕ ಒಯ್ಯಲಿ? ನನಗ ಮದಿವಿ ಬೇಕಾಗೈತಿ" ಎಂದ. ದನಿ ನಡುಗಿತು. ಅದನ್ನೂ ಕಾಕಾ, ನೋಡ್ರಿ ಹೆಂಗ ನಡಗತಾನ, ಎಂದು ಎಲ್ಲರಿಗೂ ತೋರಿಸಿದರು. ಅವನ ಗೆಳೆಯನೊಬ್ಬ ಬಡಿಗೆಗೆ ಕೈ ಹಾಕಿದ.

ಅತ್ತೆ ಕಟ್ಟೆಯ ಮೇಲೆ ಸೆರಗು ಎಳೆದುಕೊಂಡು ನೆಲ ನೋಡುತ್ತ ಕೂತಿದ್ದರು. ಆಗ ನಾದಿನಿ ಹೊರಗೆ ಬಂದಳು. ಮಾತಾದ ಹುಡುಗನ ಎದುರಿಗೆ ಹುಡುಗಿ ಬರುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಕೈಯಲ್ಲಿ ಸೆಗಣಿ ಹಾಗೇ ಇತ್ತು. ಅವನ ಕಡೆ ನೋಡದೆ ನೇರ ತಾಯಿಯ ಮುಂದೆ ಹೋಗಿ ನಿಂತಳು.

"ಅವ್ವಾ, ಮುಂಜಾನೆ ರೊಟ್ಟಿ ತಿಂದೀ?"

"ತಿಂದೇನಿ."

"ನಿನ್ನಿ ತಿಂದಿ. ಮೊನ್ನಿ ತಿಂದಿ. ಮುತ್ಯಾ ಹೋದ ಮರುದಿನಾನೂ ತಿಂದಿ. ನೀರು ಹಾಕಿ ತಿಂದ್ಯೋ, ಹಾಕದ ತಿಂದ್ಯೋ?"

ನಾನು ದಿನವೂ ನನ್ನ ಕೈಯಾರೆ ಅವರಿಗೆ ರೊಟ್ಟಿ ಬಡಿಸಿದ್ದೆ. ನನಗೆ ಹೊಳೆದೇ ಇರಲಿಲ್ಲ. ಯಾವ ಹೊರಗಿನವನಿಗೂ ಎಂಥ ಸುಳ್ಳನ್ನೂ ಹೇಳಲು ಹಿಂಜರಿಯದ ಹೆಂಗಸು ಅದು. ಆದರೆ ಮುತ್ಯಾನಿಗೆ ನೀರು ಹಾಕದೆ ಉಂಡೆ ಎಂದು ಒಪ್ಪಿಕೊಳ್ಳುವುದು ಅವರ ಕೈಲಾಗುವಂಥದ್ದಲ್ಲ, ಸುಳ್ಳಿಗೂ ಆಗುವಂಥದ್ದಲ್ಲ.

"ಹಾಕೇ ತಿಂದೇನಿ" ಎಂದರು. "ಹಾಕದ ಎಂದಾದ್ರೂ ತಿಂದೇನೇನು?"

"ಎಲ್ಲೆ ಹಾಕೀದಿ?"

ಅತ್ತೆ ಗದ್ದದಿಂದ ಹಗೇವಿನ ಕಡೆ ತೋರಿಸಿದರು. ಹಗೇವು ಎಂದರೆ ಅಂಗಳದಲ್ಲಿ ತೋಡಿದ ಜೋಳದ ಕುಣಿ. ಸಾಂಗ್ಲಿಯವರು ಅರಿಸಿನ ತುಂಬಿಡುವುದೂ ಇಂಥದರಲ್ಲೇ. ಆ ವರ್ಷ ಒಳಗೆ ತೇವ ಹತ್ತಿದೆ ಎಂದು ನಮ್ಮದನ್ನು ಖಾಲಿ ಬಿಟ್ಟು, ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಕುರಿಗೊಬ್ಬರ ಗುಡ್ಡೆ ಹಾಕಿದ್ದೆವು. ಕಳ್ಳನನ್ನು ಹುಡುಕುವವರು ಸ್ವಂತ ಅಂಗಳ ಯಾಕೆ ಅಗೆದಾರು. ಗಂಡಸರು ಗೊಬ್ಬರ ಸರಿಸಿದರು. ದಿನದಿನ ಸುರಿದ ನೀರು ಗೊಬ್ಬರದೊಳಗೆ ಇಳಿದು ಚಪ್ಪಡಿ ಒದ್ದೆಯಾಗಿತ್ತು. ಒಳಗೆ ಹೊಸ ಕಂಬಳಿ ಸುತ್ತಿಕೊಂಡು, ಕೊರಳಲ್ಲಿ ಉಣ್ಣೆಯ ಕಂಕಣದ ಸಮೇತ, ಹಿರಿಯ ಮುತ್ಯಾ ಒರಗಿದ್ದ. ಬೇಡಗದ ಮದುವೆಯ ದಿನ ತಮ್ಮ ಮತ್ತು ಅವರ ಆಳುಗಳು ಇಳಿಸಿಕೊಟ್ಟು, ಅಂಗಳದ ಮೇಲೆ ಹಿಂಡು ಹಾಯಿಸಿ ಗುರುತು ಅಳಿಸಿ, ಹೊರಟು ಹೋಗಿದ್ದರು.

"ಒಂದ ರಾಜ್ಯ ಹೋಗಿ ಒಂದ ಬಂದಾಗ ಗುಡಿ ಒಯ್ದ್ರು" ಎಂದರು ಅತ್ತೆ, ಯಾರ ಮುಖವನ್ನೂ ನೋಡದೆ. "ಈಗ ಮತ್ತೊಂದ ಬರಾಕತ್ತೈತಿ. ಆ ಟೋಪಿಯಾಂವ ಇವನ್ನ ಕಾಗದಕ್ಕ ಇಳಿಸಿಕೊಂಡ ಹೋದ. ಗೆರಿ ಎಳದ ಎಲ್ಲಾರೂ ತಣ್ಣಗಾದ ಮ್ಯಾಲ ತಗೀಬೇಕಂತ ಇದ್ದೆ."

"ಮತ್ತ ಈ ಹುಡುಗನ್ನ ಬೈಯುವಾಗ ಯಾಕ ಸುಮ್ಮ ಕುಂತೀರಿ" ಎಂದು ನಾನು ಕೇಳಿಬಿಟ್ಟೆ. ಆ ಮನೆಗೆ ಬಂದ ಮೇಲೆ ಅತ್ತೆಗೆ ನಾನು ಎದುರು ಆಡಿದ ಮೊದಲ ಮಾತು ಅದು.

"ಇಂವ ಕಳ್ಳ ಅಲ್ಲ ಅಂದ್ರ, ಹಂಗಾದ್ರ ಯಾರು ಅಂತ ಕೇಳತಿದ್ರಿ" ಎಂದರು.

ಕಾಕಾ ರುಮಾಲು ತೆಗೆದು ಮುಖ ಒರೆಸಿಕೊಂಡರು. ತಪ್ಪು ತಿಳಿದೆವು, ಕುಂದ್ರಿ, ಚಹಾ ಕುಡೀರಿ ಎಂದು ಹುಡುಗನಿಗೆ ಹೇಳಿದರು. ಅವನು ಕೂರಲಿಲ್ಲ. ಗೆಳೆಯರ ಜೊತೆ ಸೇರಿ ತನ್ನ ಕಲ್ಲನ್ನು ಬಂಡಿಯಿಂದ ಇಳಿಸಿ, ಖಾಲಿ ಇದ್ದ ಕುಣಿಯಲ್ಲಿ ನಿಲ್ಲಿಸಿ, ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿದ. ಕೊಟ್ಟ ಮೇಲೆ ತಿರುಗಿ ಒಯ್ಯುವುದಿಲ್ಲ ಎಂದ. ಆಮೇಲೆ ಎಲ್ಲರನ್ನೂ ಒಂದು ಸಲ ನೋಡಿದ.

"ಕಲ್ಲ ಸಿಗೂಕಿಂತ ಮೊದಲ ನನ್ನ ಪರವಾಗಿ ಬಾಯಿ ತಗದಾಕಿ ಇಷ್ಟ ಮಂದ್ಯಾಗ ಒಬ್ಬಾಕಿನಽ. ಆಕೀನ್ನ ಮದಿವಿ ಆಗ್ತೇನಿ. ಅಪ್ಪಗ ನಾ ಹೇಳ್ತೇನಿ. ಆದರ ಈ ಅಂಗಳಕ್ಕ ಮತ್ತ ಬರೂದಿಲ್ಲ."

ಹಾಗೆಯೇ ಆಯಿತು. ಕಂಕಣವನ್ನು ಮುತ್ಯಾನ ಕೊರಳಿಂದ ಬಿಚ್ಚಿ ಹಳ್ಳದಾಚೆಗೆ ಒಯ್ದು ಅಲ್ಲಿಯೇ ಕಟ್ಟಿದರು. ನಾದಿನಿಯ ಗಂಡ ಸಾಯುವ ತನಕ ನಮ್ಮ ವಸ್ತಿಗೆ ಕಾಲಿಡಲಿಲ್ಲ. ಅವನ ಕಲ್ಲು ಮಾತ್ರ ನಮ್ಮಲ್ಲೇ ಉಳಿಯಿತು, ಹಗೇವಿನಿಂದ ಎತ್ತಿ ನಿಲ್ಲಿಸಿದ ಹಿರಿಯನ ಪಕ್ಕದಲ್ಲಿ ಐದನೆಯವನಾಗಿ. ಎಷ್ಟೋ ವರ್ಷದ ಮೇಲೆ ಯಾರೋ ಪಂಡಿತರು ಬಂದು, ಈ ಐದನೆಯ ಕಲ್ಲಿನ ಕೆತ್ತನೆ ಅಥಣಿ ಕಡೆಯದು, ಆದ್ದರಿಂದ ಆ ನಾಡಿನ ವೀರನೊಬ್ಬ ಇಲ್ಲಿಯವರೆಗೆ ದಂಡೆತ್ತಿ ಬಂದು ಇಲ್ಲೇ ಮಡಿದಿದ್ದಾನೆ, ಗಡಿ ಆಗ ಇಲ್ಲಿತ್ತು ಎಂದು ನನ್ನ ಮಗನಿಗೆ ವಿವರಿಸಿದರು. ನಾನು ಚಹಾ ಕೊಡುತ್ತಿದ್ದೆ. ಆ ವೀರ ಬಂದದ್ದು ಎತ್ತಿನ ಬಂಡಿಯಲ್ಲಿ ಎಂದು ಹೇಳಲಿಲ್ಲ. ಗಡಿಯ ವಿಷಯ ಮಾತಾಡುವವರಲ್ಲಿ ಯಾರು ಯಾಕೆ ಕೇಳುತ್ತಿದ್ದಾರೋ ಯಾರಿಗೆ ಗೊತ್ತು.

ನಾದಿನಿ ಗಂಡನ ಊರಿಗೆ ಹೊರಡುವ ಮುಂಜಾನೆ ಅತ್ತೆ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಆ ದಿನದಿಂದ ತಾಯಿ ಮಗಳು ಸರಿಯಾಗಿ ಮಾತಾಡಿರಲಿಲ್ಲ. ನಾನು ಅರಿಸಿನದ ಬಟ್ಟಲು ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತೆ, ನಾದಿನಿ ನನ್ನನ್ನು ನೋಡಿದಳು.

"ನಾನಽ ಅಂತ ನಿನಗ ಯಾವಾಗ ಗೊತ್ತಾತು?" ಎಂದು ಅತ್ತೆ ಕೇಳಿದರು.

"ಮರುದಿನಾನಽ. ನೀ ರೊಟ್ಟಿ ಮುರದಾಗ."

ಎಣ್ಣೆ ಹಚ್ಚುತ್ತಿದ್ದ ಕೈ ನಿಂತಿತು. "ಮತ್ತ ಅಷ್ಟ ದಿನ ಯಾಕ ಹೇಳಲಿಲ್ಲ?"

"ಅಂವ ಏನ ಮಾಡ್ತಾನ ನೋಡೂಣು ಅಂತ" ಎಂದಳು ನಾದಿನಿ. "ಬರ್ತಾನೋ, ಬಿಡ್ತಾನೋ."

ಅತ್ತೆ ಬೈಯುತ್ತಾರೆ ಎಂದುಕೊಂಡೆ. ಅವರು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು, "ಇದನ್ನ ಅವನಿಗೆ ಎಂದೂ ಹೇಳಬ್ಯಾಡ" ಎಂದರು.

ಅವಳು ಹೇಳಲಿಲ್ಲ. ನಾನು ವರ್ಷಕ್ಕೊಮ್ಮೆ ಹಳ್ಳದಾಚೆ ಅವಳ ಮನೆಗೆ ಹೋಗುತ್ತಿದ್ದೆ. ಯಾರಾದರೂ ಹೊಸಬರು ಊಟಕ್ಕೆ ಕೂತರೆ ಸಾಕು, ಅವಳ ಗಂಡ ಬಂಡಿಯ ಕಥೆ ತೆಗೆಯುತ್ತಿದ್ದ. ಎಲ್ಲರೂ ಕಳ್ಳ ಅಂದರು, ಇವಳೊಬ್ಬಳೇ ನನ್ನನ್ನು ನಂಬಿದಳು ಎಂದು ಮುಗಿಸಿ, ಪ್ರತಿ ಸಲವೂ ಅವಳ ಕಡೆ ತಿರುಗಿ ಒಂದು ಗಳಿಗೆ ನೋಡುತ್ತಿದ್ದ. ಪ್ರತಿ ಸಲವೂ ಅವಳು ರೊಟ್ಟಿ ತರುತ್ತೇನೆ ಎಂದು ಎದ್ದು ಒಳಗೆ ಹೋಗುತ್ತಿದ್ದಳು. ಗಂಡನಿಗೆ ಹೆಂಡತಿಯ ಮೇಲೆ ಎಷ್ಟು ಹೆಮ್ಮೆ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಅವನು ತೀರಿಕೊಂಡ ಮೇಲೆ ಅವಳ ಜೊತೆ ಕೆಲವು ದಿನ ಇದ್ದು ಬರಲು ಹೋಗಿದ್ದೆ. ಇಬ್ಬರಿಗೂ ವಯಸ್ಸಾಗಿತ್ತು. ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಾಗ ಅವಳು ಮೊರ ಕೆಳಗಿಟ್ಟಳು.

"ವೈನಿ, ನಾ ತಿಳದೂ ಸುಮ್ಮ ಇದ್ದದ್ದು ನಮ್ಮ ಮನಿಯವರಿಗೆ ಗೊತ್ತಿತ್ತು ಅಂತ ನನಗ ಅನುಮಾನ" ಎಂದಳು. "ಮಂದಿ ಮುಂದ ಹೇಳಿ ಹೇಳಿ ನನ್ನ ಕಡೆ ನೋಡತಿದ್ರಲ್ಲ. ಇಕಿ ಒಮ್ಮೆರ ಅಲ್ಲ ಅಂತಾಳೇನೋ ನೋಡೂಣು ಅಂತಽ ಹಂಗ ಹೇಳತಿದ್ರೇನು?"

ಹಾಗೇನೂ ಇಲ್ಲ, ಅವರಿಗೆ ಏನೂ ಗೊತ್ತಿರಲಿಲ್ಲ ಎಂದು ನಾನು ಹೇಳಿದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಲಿಲ್ಲ.